ಮನೆಯ ಗಂಟು, ಅಂಗಡಿಯ ಗಂಟು: ಬೀದರ ಸೀಮೆಯ ಇತಿಹಾಸದಲ್ಲಿ ಲೆಕ್ಕದ ಶುದ್ಧಿ

ಕ್ರಿ.ಶ. 1481ನೆಯ ಏಪ್ರಿಲ್ 5ರಂದು ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನ ಶಿರಚ್ಛೇದವಾಯಿತು. ಆಜ್ಞೆ ಕೊಟ್ಟವನು ಸುಲ್ತಾನ ಮೂರನೆಯ ಮುಹಮ್ಮದ್ ಷಾ. ಎಪ್ಪತ್ತರ ಗಡಿಯನ್ನು ತಲುಪಿದ್ದ ಆ ವೃದ್ಧನು ತನ್ನ ಒಡೆಯನಿಗೆ ದ್ರೋಹ ಬಗೆದು ಒರಿಸ್ಸಾದ ಅರಸನಿಗೆ ಗುಪ್ತ ಪತ್ರ ಬರೆದನೆಂಬುದು ಆರೋಪವಾಗಿತ್ತು. ಪತ್ರದ ಮೇಲೆ ಇದ್ದ ಮುದ್ರೆ ನಿಜವಾಗಿಯೂ ಅವನದೇ. ಆದರೆ ಬರಹ ಅವನದಲ್ಲ. ಅವನ ಏಳ್ಗೆಯನ್ನು ಸಹಿಸಲಾರದ ಸರದಾರರು ಮುದ್ರೆಯನ್ನು ಕಾಯುವ ಸೇವಕನನ್ನು ಒಳಗೆ ಹಾಕಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಆಮೇಲೆ ತಮಗೆ ಬೇಕಾದುದನ್ನು ಬರೆದುಕೊಂಡಿದ್ದರು.

ಇಷ್ಟು ಸಂಗತಿ ಬೀದರ ಪಟ್ಟಣದ ಶಾಲಾ ಬಾಲಕರಿಗೂ ತಿಳಿದಿದೆ. 1472ರಲ್ಲಿ ಆತ ಕಟ್ಟಿಸಿದ ಮೂರಂತಸ್ತಿನ ಮದರಸಾ ಇಂದಿಗೂ ಹಳೆಯ ಊರಿನ ನಡುವೆ ನಿಂತಿದೆ. ಅರ್ಧ ಕುಸಿದಿದ್ದರೂ ಅದರ ಬಣ್ಣದ ಹೆಂಚುಗಳ ಕಾಂತಿ ಪೂರ್ತಿಯಾಗಿ ಅಳಿದಿಲ್ಲ. ಆದರೆ ಗವಾನನ ಮರಣದ ನಂತರ ನಡೆದ ಒಂದು ಸಣ್ಣ ಪ್ರಸಂಗದ ಕಡೆಗೆ ನಮ್ಮವರ ಗಮನ ಹೋದುದು ಕಡಿಮೆ. ವ್ಯಾಪಾರವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿರುವ ಸಮಾಜವೊಂದು ಓದಿ ಮನನ ಮಾಡಬೇಕಾದ ಪ್ರಸಂಗವದು.

ಖಜಾನೆಯ ಬಾಗಿಲು ತೆರೆದಾಗ

ರಾಜ್ಯದಲ್ಲಿ ಅರಸನ ತರುವಾಯ ಅಧಿಕಾರ ನಡೆಸಿದ ಮನುಷ್ಯನ ಮನೆಯಲ್ಲಿ ಅಪಾರ ಧನ ಕೂಡಿಟ್ಟಿರಬೇಕೆಂದು ಸುಲ್ತಾನನು ನಂಬಿದ್ದನು. ಗವಾನನ ಖಜಾಂಚಿಯನ್ನು ಕರೆಸಿ ವಿಚಾರಿಸಿದನು. ಆಗ ಖಜಾಂಚಿ ಕೊಟ್ಟ ಉತ್ತರವನ್ನು ಇತಿಹಾಸಕಾರ ಫಿರಿಸ್ತಾ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅದರ ತಾತ್ಪರ್ಯ ಹೀಗಿದೆ: ನನ್ನ ಒಡೆಯನಿಗೆ ಎರಡು ಖಜಾನೆಗಳಿದ್ದವು. ಒಂದಕ್ಕೆ ಅರಸನ ಖಜಾನೆಯೆಂದು ಹೆಸರು; ಜಹಗೀರಿಯಿಂದ ಬಂದ ಹಣ ಅದಕ್ಕೆ ಸೇರುತ್ತಿತ್ತು, ಸೈನಿಕರ ಸಂಬಳ, ಕುದುರೆ ಲಾಯಗಳ ವೆಚ್ಚ ಅದರಿಂದ ಹೋಗುತ್ತಿತ್ತು. ಇನ್ನೊಂದಕ್ಕೆ ಬಡವರ ಖಜಾನೆಯೆಂದು ಹೆಸರು. ಜಹಗೀರಿಯ ಹಣದಲ್ಲಿ ಮಿಕ್ಕುದನ್ನು ಅರಸನ ಹೆಸರಿನಲ್ಲಿಯೇ ದಾನ ಮಾಡುತ್ತಿದ್ದನು. ಅದರಲ್ಲಿ ಒಂದು ಕವಡೆಯನ್ನೂ ತನಗಾಗಿ ಬಳಸಲಿಲ್ಲ.

ಹಾಗಾದರೆ ಅವನ ಊಟ ಬಟ್ಟೆಗೆ ಹಣವೆಲ್ಲಿಂದ ಬಂತು? ಅದಕ್ಕೂ ಖಜಾಂಚಿಯಲ್ಲಿ ಉತ್ತರವಿತ್ತು. ಪರ್ಷಿಯಾದಿಂದ ದಖ್ಖನಿಗೆ ಬರುವಾಗ ಗವಾನನು 40,000 ಲಾರೀಗಳನ್ನು ತನ್ನೊಡನೆ ತಂದಿದ್ದನು. ಲಾರೀ ಎಂದರೆ ಬೆಳ್ಳಿಯ ತಂತಿಯನ್ನು ಮಡಿಚಿ ಮಾಡಿದ, ಪರ್ಷಿಯಾ ಕೊಲ್ಲಿಯ ವ್ಯಾಪಾರದಲ್ಲಿ ನಡೆಯುತ್ತಿದ್ದ ನಾಣ್ಯ. ಆ ಮೂಲಧನವನ್ನು ಆತ ವ್ಯಾಪಾರದಲ್ಲಿ ತೊಡಗಿಸಿ, ಅದು ಕರಗದಂತೆ ಕಾಪಾಡಿಕೊಂಡು, ಅದರ ಲಾಭದಲ್ಲಿ ದಿನವೊಂದಕ್ಕೆ ಗೊತ್ತುಮಾಡಿದ ಅಲ್ಪ ಮೊತ್ತವನ್ನು ಮಾತ್ರ ಸ್ವಂತಕ್ಕೆ ಖರ್ಚು ಮಾಡುತ್ತಿದ್ದನು. ಲಾಭದ ಉಳಿಕೆ ತಾಯಿಗೂ ಬಂಧುಗಳಿಗೂ ಸತ್ಪಾತ್ರರಿಗೂ ಹೋಗುತ್ತಿತ್ತು. ಆತ ಮಲಗುತ್ತಿದ್ದುದು ಚಾಪೆಯ ಮೇಲೆ. ಅಡಿಗೆ ಆಗುತ್ತಿದ್ದುದು ಮಣ್ಣಿನ ಮಡಕೆಯಲ್ಲಿ. ರಾಜ್ಯವನ್ನು ಆಳಿದ ಪ್ರಧಾನಿಯ ಬಡವರ ಖಜಾನೆಯಲ್ಲಿ ಆಗ ಉಳಿದಿದ್ದುದು ಮೊಹರು ಮಾಡಿದ ಚೀಲವೊಂದರಲ್ಲಿ 300 ಲಾರೀ ಮಾತ್ರ.

ಫಿರಿಸ್ತಾ ಬಿಜಾಪುರದ ಆಸ್ಥಾನದಲ್ಲಿದ್ದು ಬರೆದುದು ಈ ಘಟನೆಯಾಗಿ ನೂರು ವರ್ಷಗಳ ಮೇಲೆ. ಸಜ್ಜನನ ಗುಣಗಾನದಲ್ಲಿ ಲೇಖಕನ ಭಕ್ತಿಯೂ ಸ್ವಲ್ಪ ಬೆರೆತಿರಬಹುದು. ಆದರೆ ಗವಾನನು ಮೂಲತಃ ವರ್ತಕನೆಂಬುದರಲ್ಲಿ ಸಂದೇಹವಿಲ್ಲ. ಗೀಲಾನ್ ಪ್ರಾಂತದಲ್ಲಿ ಹುಟ್ಟಿ, ಸುಮಾರು 1453ರಲ್ಲಿ ದಾಭೋಳ ಬಂದರಿನ ಮಾರ್ಗವಾಗಿ ಬೀದರಿಗೆ ಬಂದ ಅವನಿಗೆ ಮುಂದೆ ದೊರೆತ ಬಿರುದೂ ‘ಮಲಿಕ್-ಉತ್-ತುಜ್ಜಾರ್’, ಅಂದರೆ ವರ್ತಕರ ಒಡೆಯ. 1470ರ ಆಸುಪಾಸಿನಲ್ಲಿ ಬೀದರಿಗೆ ಬಂದು ತನ್ನ ಕುದುರೆಯನ್ನು ಇಲ್ಲಿ ಮಾರಿಹೋದ ರಷ್ಯದ ವರ್ತಕ ಅಫನಾಸಿ ನಿಕಿತಿನನೂ ಈ ಬಿರುದಿನಿಂದಲೇ ಅವನನ್ನು ಗುರುತಿಸಿದ್ದಾನೆ. ಗವಾನನ ಕಾರಭಾರಿಗಳು ತುರ್ಕಿಯ ಬುರ್ಸಾ ನಗರದವರೆಗೆ ಹೋಗಿ ಹಿಂದುಸ್ಥಾನದ ಬಟ್ಟೆಯನ್ನು ಮಾರುತ್ತಿದ್ದರೆಂಬುದಕ್ಕೆ ಅಲ್ಲಿಯ ದಾಖಲೆಗಳಲ್ಲಿ ಆಧಾರವಿದೆ. ಪ್ರಧಾನಿಯಾದ ಮೇಲೂ ಆತ ವ್ಯಾಪಾರ ಬಿಡಲಿಲ್ಲ; ಆದರೆ ವ್ಯಾಪಾರದ ಗಂಟನ್ನು ರಾಜ್ಯದ ಗಂಟಿಗೆ ಕಟ್ಟಲಿಲ್ಲ. ನಮ್ಮ ವಿಷಯದ ತಿರುಳು ಇಲ್ಲಿದೆ.

ಈ ನಾಡಿನಲ್ಲಿ ಇಂಥ ಪ್ರಸಂಗ ಇದೊಂದೇ ಅಲ್ಲ. ಇಂದಿನ ಬೀದರ ಜಿಲ್ಲೆಗೇ ಸೇರಿದ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಧನವನ್ನು ಜಂಗಮ ದಾಸೋಹಕ್ಕೆ ವ್ಯಯಿಸುತ್ತಿದ್ದಾರೆಂದು ದೂರು ಹೋಯಿತೆಂದೂ, ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹಣವೂ ಕಡಿಮೆಯಿರಲಿಲ್ಲವೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಮತ ಬೇರೆ, ಕಾಲ ಬೇರೆ. ಆದರೆ ಎರಡೂ ಕಡೆ ಜನ ಕೇಳಿದ ಪ್ರಶ್ನೆ ಒಂದೇ: ಈ ಹಣ ಯಾರದು, ಹೋದುದು ಯಾರಿಗಾಗಿ?

ಬೆರೆತುದನ್ನು ಬೇರ್ಪಡಿಸುವ ವಿದ್ಯೆ

ಈ ಪ್ರಶ್ನೆಯನ್ನು ಗಣಿತದ ಮಾರ್ಗದಿಂದ ಕೇಳಿದವನು ಜೈನಾಚಾರ್ಯನೊಬ್ಬನು. ಕ್ರಿ.ಶ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಬೀದರಿನವರಿಗೆ ಅದು ನೆರೆಯ ಸೀಮೆಯೇ. ಆ ಗ್ರಂಥದಲ್ಲಿ ‘ಮಿಶ್ರಕ ವ್ಯವಹಾರ’ವೆಂಬ ಒಂದು ದೊಡ್ಡ ಪ್ರಕರಣವಿದೆ. ಅಸಲು ಮತ್ತು ಬಡ್ಡಿ ಕೂಡಿಹೋದ ಮೊತ್ತವನ್ನು ಕೊಟ್ಟು, ಅಸಲೆಷ್ಟು ಬಡ್ಡಿಯೆಷ್ಟು ಎಂದು ಬೇರ್ಪಡಿಸುವ ಕ್ರಮಗಳು ಅಲ್ಲಿವೆ. ಹಲವರು ಕೂಡಿ ಹಾಕಿದ ಬಂಡವಾಳದ ಲಾಭವನ್ನು ಅವರವರ ಪಾಲಿಗೆ ಹಂಚುವ ಕ್ರಮಗಳೂ ಇವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು, ಆತನೂ ಜೈನನೇ.

ಬೆರೆತುದನ್ನು ಬೇರ್ಪಡಿಸುವುದಕ್ಕೆ ಸೂತ್ರ ಬೇಕಾಯಿತೆಂದರೆ ವ್ಯವಹಾರದಲ್ಲಿ ಬೆರೆಯುವುದು ಸಹಜವೆಂದು ಆ ಕಾಲದವರು ಬಲ್ಲವರಾಗಿದ್ದರೆಂದೇ ಅರ್ಥ. ಆದರೆ ಸೂತ್ರಕ್ಕೂ ಒಂದು ಮಿತಿಯಿದೆ. ಕಾಲವೆಷ್ಟು, ಬಡ್ಡಿಯ ದರವೆಷ್ಟು ಎಂಬ ಅಂಶಗಳಾದರೂ ತಿಳಿದಿದ್ದರೆ ಮಾತ್ರ ಗಣಿತಜ್ಞನು ಅಸಲನ್ನೂ ಬಡ್ಡಿಯನ್ನೂ ಬಿಡಿಸಿ ಹೇಳಬಲ್ಲನು. ಯಾವುದನ್ನೂ ಬರೆದಿಡದೆ ಬೆರೆಸಿದುದನ್ನು ಮಹಾವೀರಾಚಾರ್ಯನೂ ಬಿಡಿಸಲಾರನು.

ಆಚಾರಶಾಸ್ತ್ರವೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಎರಡು ನೇರವಾಗಿ ಲೆಕ್ಕಪತ್ರಕ್ಕೆ ಸಂಬಂಧಿಸಿದವು. ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ. ಇನ್ನೊಂದು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಒತ್ತೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನುಂಗುವುದು. ಗವಾನನ ಕಥೆಯನ್ನು ಈ ಎರಡು ಪದಗಳ ಬೆಳಕಿನಲ್ಲಿ ನೋಡಬೇಕು. ನ್ಯಾಸಾಪಹಾರ ಮಾಡದೆ ಬದುಕಿದ ಮನುಷ್ಯನು ಪರರ ಕೂಟಲೇಖದಿಂದ ಸತ್ತನು. ಆದರೆ ಆತ ಬರೆಸಿಟ್ಟ ನಿಜವಾದ ಲೆಕ್ಕವು ಮರಣಾನಂತರ ಅವನ ಪರವಾಗಿ ಸಾಕ್ಷಿ ನುಡಿಯಿತು. ಸುಳ್ಳು ಕಾಗದವನ್ನು ನಂಬಿದ ಸುಲ್ತಾನನು ಪಶ್ಚಾತ್ತಾಪಪಟ್ಟನೆಂದು ಇತಿಹಾಸ ಹೇಳುತ್ತದೆ. 1482ರಲ್ಲಿ ಆತನೂ ತೀರಿಕೊಂಡನು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಕಿರ್ದಿ ಖತಾವಣಿಯ ಕಾಲ

ಗವಾನನು ಸತ್ತು ಹದಿಮೂರು ವರ್ಷಗಳಾದ ಮೇಲೆ, 1494ರಲ್ಲಿ, ಇಟಲಿಯ ವೆನಿಸ್ ನಗರದಲ್ಲಿ ಲೂಕಾ ಪಾಚಿಯೋಲಿ ಎಂಬ ಕ್ರೈಸ್ತ ಸನ್ಯಾಸಿಯ ಗಣಿತಗ್ರಂಥ ಅಚ್ಚಾಯಿತು. ಜಮೆ ಖರ್ಚುಗಳ ಎರಡು ಬದಿಯ ಲೆಕ್ಕವನ್ನು ಮೊದಲು ಮುದ್ರಿಸಿ ವಿವರಿಸಿದ ಪುಸ್ತಕವೆಂದು ಅದು ಪ್ರಸಿದ್ಧವಾಗಿದೆ. ಮನೆಯ ಖರ್ಚಿಗೆ ಖಾತೆಯ ಪುಸ್ತಕದಲ್ಲಿ ಪ್ರತ್ಯೇಕವಾದ ಒಂದು ಪುಟವನ್ನು ತೆಗೆಯಬೇಕೆಂದು ಅದರಲ್ಲಿ ವರ್ತಕರಿಗೆ ಬುದ್ಧಿವಾದವಿದೆ.

ನಮ್ಮ ಸೀಮೆಯ ಪೇಟೆಗಳಲ್ಲಿ ಈ ಬುದ್ಧಿವಾದವನ್ನು ಯಾರೂ ಇಟಲಿಯಿಂದ ತರಿಸಿಕೊಳ್ಳಬೇಕಾಗಿರಲಿಲ್ಲ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಗಳಲ್ಲಿ ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಅಲ್ಲಿಂದ ಖತಾವಣಿಗೆ ಇಳಿಸುವುದು ವಾಡಿಕೆ. ಅಂಗಡಿಯ ಗಲ್ಲೆಯಿಂದ ಮನೆಗೆ ಜೋಳ, ಎಣ್ಣೆ, ಬಟ್ಟೆಗೆ ಹಣ ಹೋದರೆ ಅದು ಮನೆಖರ್ಚಿನ ಖಾತೆಗೆ ಬೀಳಬೇಕು. ದೀಪಾವಳಿಯಂದು, ನಮ್ಮವರಿಗೆ ಮಹಾವೀರಸ್ವಾಮಿಯ ನಿರ್ವಾಣದ ದಿನವೂ ಆದ ಆ ಅಮಾವಾಸ್ಯೆಯಂದು, ಹೊಸ ವಹಿಗೆ ಪೂಜೆ ಸಲ್ಲಿಸುವ ಮುನ್ನ ಹಳೆಯ ವಹಿಯ ಬಾಕಿಯನ್ನು ಮುಂದಕ್ಕೆ ಒಯ್ಯಬೇಕು. ವೀರ ನಿರ್ವಾಣ ಸಂವತ್ಸರದ ಮೊದಲ ದಿನ ಮನೆಯವರು ಅಂಗಡಿಗೆ ಎಷ್ಟು ಕೊಡಬೇಕೆಂಬುದು ಯಜಮಾನನ ಕಣ್ಣೆದುರಿಗೆ ಇರಬೇಕು.

ನಿಜಾಮನ ಆಡಳಿತದಲ್ಲಿ ಬೀದರ, ಭಾಲ್ಕಿ, ಔರಾದ ಪೇಟೆಗಳ ವರ್ತಕರಿಗೆ ಇನ್ನೊಂದು ತೊಡಕು ಇತ್ತು. ಹೈದರಾಬಾದ ಸಂಸ್ಥಾನದಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ. ಸೊಲ್ಲಾಪುರ, ಮುಂಬಯಿ ಕಡೆಯ ವ್ಯವಹಾರಕ್ಕೆ ಬೇಕಾದುದು ಬ್ರಿಟಿಷರ ಕಲದಾರ ರೂಪಾಯಿ. ಏಳು ಹಾಲಿ ಸಿಕ್ಕಾ ಆರು ಕಲದಾರಿಗೆ ಸಮ. ಅಂದರೆ 100 ಕಲದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿದ ಗುಮಾಸ್ತನ ಲೆಕ್ಕ ಎಂದಿಗೂ ಕೂಡುತ್ತಿರಲಿಲ್ಲ. ಮುಖ ನೋಡಿದರೆ ಎರಡೂ ರೂಪಾಯಿಯೇ. ಆದರೆ ಎರಡರ ಬೆಲೆ ಬೇರೆ. ಮನೆಯ ರೂಪಾಯಿಗೂ ಅಂಗಡಿಯ ರೂಪಾಯಿಗೂ ಇರುವ ಭೇದ ಇದಕ್ಕಿಂತ ಸೂಕ್ಷ್ಮವಾದುದು. ಅಂಗಡಿಯ ರೂಪಾಯಿ ಮಾಲಾಗಿ ತಿರುಗಿ, ಲಾಭವನ್ನು ಕರೆದುಕೊಂಡು ಮರಳಿ ಬರುವಂಥದು. ಮನೆಯ ರೂಪಾಯಿ ಹೋದರೆ ಹೋಯಿತು. ಅದು ಅನ್ನವಾಗಿ, ಅರಿವೆಯಾಗಿ, ವಿದ್ಯೆಯಾಗಿ ತನ್ನ ಕೆಲಸ ಮುಗಿಸಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಕಾಯಿದೆ ಇಲ್ಲಿಗೂ ಅನ್ವಯಿಸಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಲ್ಲಿ ಹಂಚಿಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಹಾಲಿ ಸಿಕ್ಕಾ ಹೋಯಿತು, ಆಣೆ ಪೈ ಹೋದವು. ಆದರೆ ಮನೆ ಅಂಗಡಿಗಳ ಭೇದವನ್ನು ಈಗ ಸರಕಾರವೇ ಕೇಳತೊಡಗಿತು. 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮಿನ ಪ್ರಕಾರ ಪೂರ್ಣವಾಗಿ ಮತ್ತು ಕೇವಲ ವ್ಯಾಪಾರಕ್ಕಾಗಿ ಮಾಡಿದ ಖರ್ಚನ್ನು ಮಾತ್ರ ಲಾಭದಿಂದ ಕಳೆಯಬಹುದು. ಸ್ವಂತದ ಖರ್ಚನ್ನು ಕಳೆಯುವಂತಿಲ್ಲ. 2025ರಲ್ಲಿ ಹೊಸ ಕಾಯಿದೆ ರಚಿತವಾದಾಗಲೂ ಈ ತತ್ತ್ವವನ್ನು ಕೈಬಿಡಲಿಲ್ಲ. 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದೇ ನಿಯಮ: ಕೊಂಡ ವಸ್ತು ಭಾಗಶಃ ವ್ಯಾಪಾರಕ್ಕೆ, ಭಾಗಶಃ ಸ್ವಂತಕ್ಕೆ ಬಳಕೆಯಾದರೆ, ಕೊಟ್ಟ ತೆರಿಗೆಯಲ್ಲಿ ವ್ಯಾಪಾರದ ಭಾಗಕ್ಕೆ ಮಾತ್ರ ಜಮೆ ಸಿಗುತ್ತದೆ.

ಹೊಸ ಕಾಲದ ಉದ್ರಿ

ಉದ್ರಿಯೆಂಬುದು ನಮಗೆ ಹೊಸತಲ್ಲ. ಭಾಲ್ಕಿಯ ಅಡತಿ ಅಂಗಡಿಯಲ್ಲಿ ರೈತನು ತೊಗರಿ ಬರುವ ಮುನ್ನವೇ ಕೈಗಡ ಪಡೆಯುತ್ತಿದ್ದನು. ಬೀದರಿನ ಬಿದರಿ ಕುಶಲಕರ್ಮಿ ಸತುವಿನ ಹೂಜಿಯ ಮೇಲೆ ಕೂರಿಸುವ ಬೆಳ್ಳಿಯನ್ನು ಮೊದಲು ತಂದು ಮಾಲು ಮಾರಿದ ಮೇಲೆ ಹಣ ಕೊಡುವುದೂ ಉದ್ರಿಯೇ. ಹೊಸತು ಬಂದುದು ಉದ್ರಿಯ ರೂಪ. 1950ರಲ್ಲಿ ಅಮೆರಿಕೆಯಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಹುಟ್ಟಿತು. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಯಾಂಕ್ ಆಫ್ ಅಮೆರಿಕಾ ಸಾಮಾನ್ಯ ಗೃಹಸ್ಥರಿಗೂ ಕಾರ್ಡು ಹಂಚಿತು. ನಮ್ಮ ದೇಶದಲ್ಲಿ ಬ್ಯಾಂಕು ಕೊಟ್ಟ ಕ್ರೆಡಿಟ್ ಕಾರ್ಡು ಆರಂಭವಾದುದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಿಂದ. ದೊಡ್ಡ ನಗರಗಳ ವಸ್ತುವಾಗಿದ್ದ ಅದು ಈಗ ಔರಾದದಂಥ ಗಡಿ ತಾಲೂಕಿನ ಚಿಕ್ಕ ವ್ಯಾಪಾರಿಯ ಜೇಬಿಗೂ ಬಂದಿದೆ.

ಹಳೆಯ ಉದ್ರಿಗೂ ಹೊಸ ಉದ್ರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಾಹುಕಾರನು ಸಾಲ ಕೊಡುವಾಗ ಕಾರಣ ಕೇಳುತ್ತಿದ್ದನು. ಮಗಳ ಮದುವೆಗೋ ಮಾಲಿಗೋ ಎಂದು ತಿಳಿದೇ ಕೊಡುತ್ತಿದ್ದನು. ಕಾರ್ಡು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬೆಳಿಗ್ಗೆ ಸಗಟು ಅಂಗಡಿಯಲ್ಲಿ ಬೇಳೆಯ ಚೀಲಕ್ಕೆ, ಸಂಜೆ ಮಗುವಿನ ಅಂಗಿಗೆ, ರಾತ್ರಿ ಔಷಧಕ್ಕೆ, ಎಲ್ಲಕ್ಕೂ ಅದು ಒಂದೇ ಸಮನೆ ತಲೆಯಾಡಿಸುತ್ತದೆ. ತಿಂಗಳ ಕೊನೆಗೆ ಬರುವ ಪಟ್ಟಿಯಲ್ಲಿ ಮೂರೂ ಒಂದರ ಕೆಳಗೆ ಒಂದು ಕುಳಿತಿರುತ್ತವೆ. ಬೇರ್ಪಡಿಸುವ ಭಾರವೆಲ್ಲ ಕಾರ್ಡು ಹಿಡಿದವನ ಮೇಲೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಭಾಲ್ಕಿಯ ಒಬ್ಬ ಕಿರಾಣಿ ವ್ಯಾಪಾರಿಯ ಬಳಿ ಒಂದೇ ಕಾರ್ಡಿದೆ. ತಿಂಗಳಲ್ಲಿ 30,000 ರೂಪಾಯಿಯ ಮಾಲು ತಂದನು. ಅದೇ ಕಾರ್ಡಿನಿಂದ 12,000 ರೂಪಾಯಿಯ ಮನೆಯ ಬಟ್ಟೆಬರೆ ಕೊಂಡನು. ಮಾಲು ಮಾರಿ ಬಂದ ಹಣದಲ್ಲಿ 30,000 ಕಟ್ಟಿದನು, 12,000 ಉಳಿಯಿತು. ‘ಅಂಗಡಿಯ ಬಾಕಿ ತೀರಿಸಿದೆನಲ್ಲ’ ಎಂದು ಸಮಾಧಾನಪಟ್ಟನು. ಆದರೆ ಬ್ಯಾಂಕಿಗೆ ಅಂಗಡಿಯ ಬಾಕಿ, ಮನೆಯ ಬಾಕಿ ಎಂಬ ಭೇದವಿಲ್ಲ. ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿಯೂ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಮುಂದಿನ ತಿಂಗಳು ಮೊದಲ ದಿನವೇ ಮತ್ತೆ 30,000ದ ಮಾಲು ತಂದನೆನ್ನಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆಯಾದರೆ, ಹಳೆಯ ಬಾಕಿಗೆ 420, ಹೊಸ ಮಾಲಿಗೆ 1,050, ಒಟ್ಟು 1,470 ರೂಪಾಯಿ. ಅದರ ಮೇಲೆ ನೂರಕ್ಕೆ 18ರ ತೆರಿಗೆ ಸೇರಿ 1,734 ರೂಪಾಯಿ 60 ಪೈಸೆ. ಕಿರಾಣಿ ಮಾಲಿನ ಮೇಲೆ ನೂರಕ್ಕೆ ಐದರ ಲಾಭವೆಂದರೆ ಆ ತಿಂಗಳ ಗಳಿಕೆ 1,500 ರೂಪಾಯಿ. ಗಳಿಸಿದುದಕ್ಕಿಂತ ಹೆಚ್ಚು ಬಡ್ಡಿಗೆ ಹೋಯಿತು!

ಅದೇ ವ್ಯಾಪಾರಿ ಎರಡು ಕಾರ್ಡು ಇಟ್ಟುಕೊಂಡಿದ್ದರೆ? ಅಂಗಡಿಯ ಕಾರ್ಡಿನ 30,000 ಪೂರ್ತಿ ತೀರಿ, ಮಾಲಿಗೆ ಬಡ್ಡಿಯೇ ಬೀಳುತ್ತಿರಲಿಲ್ಲ. ಮನೆಯ ಕಾರ್ಡಿನ 12,000ಕ್ಕೆ ತೆರಿಗೆ ಸೇರಿ 495 ರೂಪಾಯಿ 60 ಪೈಸೆ ಬೀಳುತ್ತಿತ್ತು. ಸಾಲ ಮಾಡಿದವನೂ ಅವನೇ, ತೀರಿಸುವವನೂ ಅವನೇ. ಆದರೂ ಬೆರೆಸಿದುದರಿಂದ ಮನೆಯ ರೋಗ ಅಂಗಡಿಗೆ ಅಂಟಿತು. ಇಷ್ಟಾದರೂ ಅವನಿಗೆ ತಿಳಿಯುವುದು ‘ವ್ಯಾಪಾರ ಸರಿಯಾಗಿ ನಡೆಯುತ್ತಿಲ್ಲ’ ಎಂದು ಮಾತ್ರ. ರೋಗ ಎಲ್ಲಿದೆಯೆಂದು ಗೊತ್ತಿಲ್ಲದೆ ಚೆನ್ನಾಗಿ ನಡೆಯುವ ಅಂಗಡಿಯನ್ನೇ ಮುಚ್ಚಿಬಿಡುವ ಅಪಾಯವಿದೆ.

ಈ ತೊಡಕನ್ನು ಆಳುವವರೂ ಬಲ್ಲರು. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡು ಯೋಜನೆಯನ್ನು 2012ರಲ್ಲಿ ಪರಿಷ್ಕರಿಸಿದಾಗ, ಬೆಳೆಯ ಖರ್ಚಿನ ಮಿತಿಯ ಮೇಲೆ ನೂರಕ್ಕೆ 10 ಭಾಗವನ್ನು ಕೊಯ್ಲಿನ ನಂತರದ ಖರ್ಚಿಗೂ ಮನೆಯ ಅಗತ್ಯಕ್ಕೂ ಸೇರಿಸಿದರು. ರೈತನಿಗೂ ಹೊಟ್ಟೆಯಿದೆ ಎಂಬುದನ್ನು ಒಪ್ಪಿಕೊಂಡು, ಅದಕ್ಕೊಂದು ಗಡಿಯನ್ನೂ ಹಾಕಿದ ಕ್ರಮವಿದು. 2015ರ ಏಪ್ರಿಲ್ 8ರಂದು ಪ್ರಾರಂಭವಾದ ಮುದ್ರಾ ಯೋಜನೆಯಲ್ಲಿ ಚಿಕ್ಕ ಉದ್ಯಮದ ದುಡಿಯುವ ಬಂಡವಾಳಕ್ಕೆಂದೇ ಪ್ರತ್ಯೇಕ ಮುದ್ರಾ ಕಾರ್ಡು ಬಂತು. 2022ರ ಏಪ್ರಿಲ್ 21ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು ವ್ಯಾಪಾರದ ಕ್ರೆಡಿಟ್ ಕಾರ್ಡನ್ನು ಪ್ರತ್ಯೇಕವಾಗಿ ಹೆಸರಿಸಿ, ಅದು ವ್ಯಾಪಾರದ ಖರ್ಚಿಗಾಗಿ ಕೊಡುವ ಕಾರ್ಡೆಂದು ಸ್ಪಷ್ಟಪಡಿಸಿತು. 2025ರ ಫೆಬ್ರವರಿ 1ರ ಕೇಂದ್ರ ಮುಂಗಡಪತ್ರದಲ್ಲಿ ಉದ್ಯಮ್ ನೋಂದಣಿ ಪಡೆದ ಅತಿ ಸಣ್ಣ ಉದ್ಯಮಗಳಿಗೆ 5 ಲಕ್ಷ ರೂಪಾಯಿ ಮಿತಿಯ ಕಾರ್ಡುಗಳನ್ನು ಕೊಡುವ ಪ್ರಕಟಣೆಯೂ ಆಯಿತು.

ಯಾರ ಹಣ, ಯಾರ ಹೊಣೆ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ‘ಅಂಗಡಿಯೂ ನನ್ನದು, ಮನೆಯೂ ನನ್ನದು. ಬಲಗೈಯ ಹಣವನ್ನು ಎಡಗೈಗೆ ಕೊಟ್ಟರೆ ಅದರಲ್ಲಿ ಅಧರ್ಮವೇನು?’ ಆಕ್ಷೇಪದಲ್ಲಿ ಸತ್ಯಾಂಶವಿದೆ. ಏಕಮಾಲೀಕನ ಅಂಗಡಿಗೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿತ್ವವಿಲ್ಲ. ಅಂಗಡಿಯ ಸಾಲಕ್ಕೆ ಮನೆಯೂ ಹೊಣೆ. 1896ರಲ್ಲಿ ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ನನ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠವು, ಕಂಪನಿಯಾಗಿ ನೋಂದಾಯಿಸಿದರೆ ಮಾತ್ರ ವ್ಯಾಪಾರ ಬೇರೆ, ಅದರ ಒಡೆಯ ಬೇರೆ ಎಂದು ತೀರ್ಮಾನಿಸಿತು. ಸಾಮಾನ್ಯ ಅಂಗಡಿಕಾರನಿಗೆ ಆ ಗೋಡೆಯಿಲ್ಲ. ಆದುದರಿಂದ ಸ್ವಂತದ ಕಾರ್ಡಿನಿಂದ ಅಂಗಡಿಯ ಮಾಲು ತಂದುದೇ ಪಾಪವೆಂದು ಯಾರೂ ಹೇಳುವುದಿಲ್ಲ. ಆದರೆ ಕಾನೂನು ಗೋಡೆ ಕಟ್ಟಿಲ್ಲದ ಕಡೆ ಲೆಕ್ಕದ ಪುಸ್ತಕವೊಂದೇ ಗೋಡೆಯೆಂಬುದನ್ನು ಮರೆಯಬಾರದು. ತೆರಿಗೆ ಕಟ್ಟುವಾಗ ಮನೆಯ ಖರ್ಚನ್ನು ಅಂಗಡಿಯದೆಂದು ತೋರಿಸಿದರೆ ಅದು ಕೂಟಲೇಖವೇ. ಮರೆತು ಬರೆದರೆ ಪ್ರಮಾದ. ತಿಳಿದು ಬರೆದರೆ ದೋಷ. ಬೇರೆ ಬೇರೆ ಇಡದವನಿಗೆ ತಾನು ಮಾಡಿದುದು ಯಾವುದೆಂದು ತನಗೇ ಹೇಳಲಾಗುವುದಿಲ್ಲ.

ಅಂಗಡಿ ಅಣ್ಣತಮ್ಮಂದಿರದಾದರೆ ಮಾತು ಇನ್ನೂ ಗಂಭೀರವಾಗುತ್ತದೆ. 1932ರ ಪಾಲುದಾರಿಕೆ ಕಾಯಿದೆಯ 15ನೆಯ ಕಲಮು ಸಂಸ್ಥೆಯ ಆಸ್ತಿಯನ್ನು ವ್ಯಾಪಾರಕ್ಕಾಗಿ ಮಾತ್ರ ಬಳಸಬೇಕೆನ್ನುತ್ತದೆ. ಹಿರಿಯನ ಹೆಸರಿನ ಒಂದು ಕಾರ್ಡಿನಲ್ಲಿ ಮಾಲೂ ಬಂತು, ಹಿರಿಯನ ಮನೆಯ ಸಾಮಾನೂ ಬಂತು ಎಂದಾಗ ಕಿರಿಯನ ಪಾಲಿನಿಂದ ಎಷ್ಟು ಹೋಯಿತು? ಕೇಳಿದರೆ ಅಪನಂಬಿಕೆ, ಕೇಳದಿದ್ದರೆ ಅಸಮಾಧಾನ. ನಮ್ಮ ಕುಟುಂಬಗಳು ಒಡೆಯುವುದು ಹಣದ ಕೊರತೆಯಿಂದಲ್ಲ, ಲೆಕ್ಕದ ಮಬ್ಬಿನಿಂದ. ‘ಅಣ್ಣ ಮೋಸ ಮಾಡಿದ’ ಎಂದು ತಮ್ಮನೂ, ‘ದುಡಿದವನು ನಾನು, ಸಂಶಯಪಡುವವನು ಅವನು’ ಎಂದು ಅಣ್ಣನೂ ಬೇರೆಯಾಗುತ್ತಾರೆ. ಮೋಸ ಆಗಿರಲಿಕ್ಕೂ ಇಲ್ಲ. ಗವಾನನ ಖಜಾಂಚಿಯಂತೆ ತೆರೆದು ತೋರಿಸಲು ಒಂದು ವಹಿ ಇದ್ದಿದ್ದರೆ ಎಷ್ಟೋ ಮನೆಗಳ ನಡುಗೋಡೆ ಏಳುತ್ತಿರಲಿಲ್ಲ.

ಅಡತಿ ವ್ಯಾಪಾರದಲ್ಲಂತೂ ಗಲ್ಲೆಯಲ್ಲಿರುವ ಹಣದಲ್ಲಿ ಬಹುಭಾಗ ವ್ಯಾಪಾರಿಯದೇ ಅಲ್ಲ. ತೊಗರಿ, ಉದ್ದು, ಹೆಸರು ತಂದು ಸುರಿದ ರೈತನದು. ಅವನಿಗೆ ಕೊಡಬೇಕಾದುದನ್ನು ಮನೆಯ ಕಾರ್ಡಿನ ಬಾಕಿಗೆ ಕಟ್ಟಿ, ‘ನಾಳೆ ಬಾ’ ಎಂದು ಹೇಳುವುದಕ್ಕೆ ಉಮಾಸ್ವಾಮಿಗಳು ಇಟ್ಟ ಹೆಸರು ಈಗಾಗಲೇ ಬಂದಿದೆ. ನಾಳೆ ಕೊಟ್ಟರೂ, ಇಂದು ಅಪಹರಿಸಿದುದು ಸುಳ್ಳಾಗುವುದಿಲ್ಲ.

ಮುದ್ರೆಯ ಪಾಠ

ಇಷ್ಟನ್ನು ಹೇಳಿದ ಮೇಲೆ ಆಚರಣೆಯ ಮಾತು ಸುಲಭವಾಗಿದೆ. ಆದಷ್ಟು ಮಟ್ಟಿಗೆ ಅಂಗಡಿಗೊಂದು, ಮನೆಗೊಂದು ಬ್ಯಾಂಕು ಖಾತೆ ಮತ್ತು ಕಾರ್ಡು ಇರಲಿ. ವ್ಯಾಪಾರದ ಕಾರ್ಡು ಸಿಗದ ಚಿಕ್ಕವನು ಸ್ವಂತದ ಹೆಸರಿನ ಇನ್ನೊಂದು ಕಾರ್ಡನ್ನೇ ಅಂಗಡಿಗೆಂದು ಮೀಸಲಿಟ್ಟರೂ ಸಾಕು. ಅನಿವಾರ್ಯವಾಗಿ ಸ್ವಂತದ ಕಾರ್ಡಿನಿಂದ ಅಂಗಡಿಗೆ ಖರ್ಚಾದರೆ ಆ ದಿನವೇ ಕಿರ್ದಿಯಲ್ಲಿ ಮಾಲೀಕನ ಖಾತೆಗೆ ಜಮೆ ಬರೆದು ರಸೀತಿಯನ್ನು ಇಟ್ಟುಕೊಳ್ಳಬೇಕು. ಅಂಗಡಿಯ ಹಣ ಮನೆಗೆ ಹೋದರೆ ಮಾಲೀಕನ ಹೆಸರಿಗೆ ಖರ್ಚು ಬರೆಯಬೇಕು. ಗವಾನನು ಮಾಡಿದಂತೆ ಮನೆಗೆ ತಿಂಗಳಿಗಿಷ್ಟು ಎಂದು ಮೊದಲೇ ಗೊತ್ತುಮಾಡಿ ತೆಗೆದರೆ ಕಾರ್ಡಿನ ಚಪಲಕ್ಕೆ ಅವಕಾಶ ಕಡಿಮೆ. ಆಯವನ್ನು ನೋಡಿ ವ್ಯಯ ಮಾಡುವುದನ್ನು 12ನೆಯ ಶತಮಾನದಲ್ಲಿಯೇ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನ ಗುಣಗಳಲ್ಲಿ ಸೇರಿಸಿದ್ದಾರೆ. ಪರಿಗ್ರಹಪರಿಮಾಣದ ವ್ರತವೂ ಅಳತೆಯಿಂದಲೇ ಆರಂಭವಾಗುತ್ತದೆ. ಅಳೆಯದವನು ಮಿತಿ ಹಾಕಿಕೊಳ್ಳುವುದು ಹೇಗೆ?

ಕೊನೆಯದಾಗಿ ಗವಾನನ ಮುದ್ರೆಯನ್ನು ನೆನೆಯಬೇಕು. ಲೆಕ್ಕದಲ್ಲಿ ಅಷ್ಟು ಎಚ್ಚರವಾಗಿದ್ದ ಪುರುಷನು ಮುದ್ರೆಯ ವಿಷಯದಲ್ಲಿ ಸೇವಕನನ್ನು ಪೂರ್ತಿ ನಂಬಿ ಕೆಟ್ಟನು. ಇಂದು ನಮ್ಮ ಮುದ್ರೆಯೆಂದರೆ ಕಾರ್ಡಿನ ಗುಪ್ತ ಸಂಖ್ಯೆ, ಮೊಬೈಲಿಗೆ ಬರುವ ಓಟಿಪಿ. ಅಂಗಡಿಯ ಹುಡುಗನ ಕೈಗೆ ಅದನ್ನು ಕೊಟ್ಟು ಕಳಿಸುವುದು ಬರಿಯ ಕಾಗದಕ್ಕೆ ಮುದ್ರೆ ಒತ್ತಿ ಕೊಟ್ಟಂತೆ. ಹುಡುಗನು ಒಳ್ಳೆಯವನೇ ಇರಬಹುದು. ಆದರೆ ಅವನನ್ನು ಪ್ರಲೋಭನಕ್ಕೆ ಒಡ್ಡಿದ ದೋಷ ಕೊಟ್ಟವನದು.

ಬೀದರಿನಿಂದ ಸ್ವಲ್ಪ ದೂರದಲ್ಲಿ, ಗೋರನಳ್ಳಿಯ ಬಳಿ, ಮಹಮೂದ್ ಗವಾನನ ಸಮಾಧಿಯಿದೆ. ಸುಲ್ತಾನರ ಗುಮ್ಮಟಗಳಂತೆ ಅದಕ್ಕೆ ವೈಭವವಿಲ್ಲ. ಆ ದಾರಿಯಲ್ಲಿ ಹೋಗುವ ನಮ್ಮ ವ್ಯಾಪಾರಿ ಬಂಧುಗಳು ಒಂದು ಕ್ಷಣ ನಿಂತು ತಮ್ಮನ್ನೇ ಕೇಳಿಕೊಳ್ಳಬಹುದು: ನಾಳೆ ನಾವಿಲ್ಲದ ಹೊತ್ತಿನಲ್ಲಿ ಯಾರಾದರೂ ನಮ್ಮ ವಹಿಯನ್ನು ತೆರೆದರೆ, ಇದು ಮನೆಯದು, ಇದು ಅಂಗಡಿಯದು, ಇದು ಪರರದು ಎಂದು ಅದು ತಾನಾಗಿ ಹೇಳೀತೇ? ಹೇಳುವಂತಿದ್ದರೆ, ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.